ಮೊದಲು ಬರೆ, ಆಮೇಲೆ ಎತ್ತು

ಕಳೆದ ಶನಿವಾರ ಬೆಳಿಗ್ಗೆ ನನ್ನ ಮಗಳು ವ್ಯಾಕ್ಯೂಮ್ ಕ್ಲೀನರಿಗೆ ಜಾಗ ಮಾಡಿಕೊಡಲು ಗೋಡೆಯಿಂದ ಒಂದು ಪ್ಲಗ್ ಕಿತ್ತಳು. ಅದು ನನ್ನ ಹಳೆಯ ಕಂಪ್ಯೂಟರಿನದಾಗಿತ್ತು. ಕಂಪ್ಯೂಟರಿನಲ್ಲಿ ಅವಳದೇ ಶಾಲೆಯ ಪ್ರಾಜೆಕ್ಟು ತೆರೆದಿತ್ತು. ವರ್ಷಕ್ಕೊಮ್ಮೆ ಮನೆಗೆಲಸಕ್ಕೆ ಕೈ ಹಾಕಿದವಳಿಗೆ ಹೀಗಾಯಿತಲ್ಲ ಎಂದು ನನಗೂ ಪಾಪ ಅನ್ನಿಸಿತು. ಪ್ಲಗ್ ಮತ್ತೆ ಸಿಕ್ಕಿಸಿ ಗುಂಡಿ ಒತ್ತಿದೆ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದ ಒಂದೇ ಸಾಲು ಮೂಡಿ ನಿಂತಿತು. ಜರ್ನಲ್ ನೋಡಿಕೊಂಡು ಸರಿಪಡಿಸಿಕೊಳ್ಳುತ್ತಿದ್ದೇನೆ ಎಂದು ಅದರ ಅರ್ಥ.

"ಇಸ್ ಇಟ್ ಡೆಡ್, ಅಪ್ಪಾ?"

"ಇಲ್ಲ ಪುಟ್ಟಿ, ಓದ್ಕೋತಾ ಇದೆ."

"ರೀಡಿಂಗ್ ವಾಟ್?"

"ಮುಸಫ್ಫಾದಲ್ಲಿ ಬೆನ್ನಿಯಣ್ಣ ಅಂತ ಒಬ್ರು ಇದಾರೆ..." ಎಂದು ಶುರು ಮಾಡಿದೆ. ಅಪ್ಪನ ಉತ್ತರ ಮುಸಫ್ಫಾದಿಂದ ಹೊರಟರೆ ದುಬೈಯ ನಮ್ಮ ಮನೆ ಮುಟ್ಟುವುದಕ್ಕೆ ಎಷ್ಟು ಹೊತ್ತಾಗುತ್ತದೆ ಎಂಬುದು ಅವಳಿಗೆ ಗೊತ್ತು. ವ್ಯಾಕ್ಯೂಮ್ ಎಳೆದುಕೊಂಡು ಪಕ್ಕದ ಕೋಣೆಗೆ ಹೋದಳು. ನಿಮಗಾದರೂ ಹೇಳುತ್ತೇನೆ, ನಿಮ್ಮ ಕೈಯಲ್ಲಿ ವ್ಯಾಕ್ಯೂಮ್ ಇಲ್ಲವಲ್ಲ.

ಎಂಟೊಂಬತ್ತು ವರ್ಷದ ಹಿಂದಿನ ಮಾತು. ನಾನಾಗ ಅಬುಧಾಬಿಯ ಮುಸಫ್ಫಾದಲ್ಲಿ, ಎಣ್ಣೆ ಕಂಪನಿಗಳಿಗೆ ಉಕ್ಕಿನ ದೊಡ್ಡ ದೊಡ್ಡ ಟ್ಯಾಂಕು ಕಟ್ಟಿಕೊಡುವ ಒಂದು ವರ್ಕ್‌ಶಾಪಿನಲ್ಲಿದ್ದೆ. ನನ್ನ ಹುದ್ದೆಯ ಹೆಸರು ಐಟಿ ಮ್ಯಾನೇಜರ್. ಮ್ಯಾನೇಜ್ ಮಾಡುವುದಕ್ಕೆ ನನ್ನ ಕೈಕೆಳಗೆ ಯಾರೂ ಇರಲಿಲ್ಲ. ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಕಾಗದ ಎಳೆಯುವವನೂ ನಾನೇ, ಸರ್ವರ್ ನೋಡಿಕೊಳ್ಳುವವನೂ ನಾನೇ. ಮೈಸೂರಿನಲ್ಲಿದ್ದ ಅಮ್ಮ ಮಾತ್ರ "ನಮ್ಮ ಹುಡುಗ ಅಲ್ಲಿ ಮ್ಯಾನೇಜರು" ಎಂದು ಬೀದಿಗೆಲ್ಲ ಹೇಳಿಕೊಂಡು ಬಂದಿದ್ದರು.

ಬೆನ್ನಿಯಣ್ಣ ಅಲ್ಲಿ ಸ್ಟೋರ್ ಕೀಪರ್. ಬೆಳ್ಮಣ್ ಕಡೆಯವರು, ಮನೆಮಾತು ಕೊಂಕಣಿ. ನನ್ನ ಜೊತೆ ಕರಾವಳಿಯ ಕನ್ನಡ, ಪಠಾಣರ ಜೊತೆ ಹಿಂದಿ, ಗೇಟಿನ ಅರಬ್ಬಿಯ ಜೊತೆ ಅರ್ಧ ಅರಬ್ಬಿ ಮತ್ತು ಅರ್ಧ ಕೈಸನ್ನೆ. ಅವರ ಸ್ಟೋರಿನಲ್ಲಿ ಉಕ್ಕಿನ ಪ್ಲೇಟುಗಳು, ವಾಲ್ವುಗಳು, ವೆಲ್ಡಿಂಗ್ ರಾಡುಗಳು ಎಲ್ಲವೂ ನಂಬರು ಹಾಕಿದ ಕಪಾಟುಗಳಲ್ಲಿರುತ್ತಿದ್ದವು. ಯಾವ ವಸ್ತು ಎಲ್ಲಿದೆ ಎಂದು ತೋರಿಸುವ ದೊಡ್ಡ ರಿಜಿಸ್ಟರ್ ಒಂದಿತ್ತು. ಅದರ ಪಕ್ಕದಲ್ಲಿ, ದಾರದಲ್ಲಿ ಕಟ್ಟಿದ ಪೆನ್ಸಿಲಿನ ಸಮೇತ, ಎಣ್ಣೆಯ ಕಲೆ ಹತ್ತಿದ ಒಂದು ರಫ್ ಪುಸ್ತಕ.

ಆ ರಫ್ ಪುಸ್ತಕದ ಮರ್ಮ ನನಗೆ ಮೊದಲು ತಿಳಿದಿರಲಿಲ್ಲ. ಒಂದು ದಿನ ಯಾವುದೋ ಕೇಬಲ್ ಹುಡುಕಿಕೊಂಡು ಹೋದಾಗ ಬೆನ್ನಿಯಣ್ಣ ಕೈಗೆ ಸಿಗುವಷ್ಟು ಹತ್ತಿರದಲ್ಲಿದ್ದ ವಾಲ್ವನ್ನು ಮುಟ್ಟದೆ, ಕೂತು ಬರೆಯುತ್ತಿದ್ದರು.

"ಮೊದಲು ಎತ್ತಿಟ್ಟು ಆಮೇಲೆ ಬರೀಬಾರ್ದಾ ಬೆನ್ನಿಯಣ್ಣ?" ಎಂದು ಕೇಳಿದೆ.

"ಹಾಗೆ ಮಾಡ್ಲಿಕ್ಕೆ ಇಲ್ಲ ಮಾರಾಯ. ಎತ್ತಿದೆ ಅಂತ ಇಟ್ಕೊ, ಅಷ್ಟೊತ್ತಿಗೆ ಯಾರೋ ಯಲ್ಲಾ ಯಲ್ಲಾ, ಬೇಗ ಬಾ ಅಂತ ಕರೀತಾನೆ. ನಾನು ಹೋದೆ. ಬಂದು ನೋಡಿದ್ರೆ ರಿಜಿಸ್ಟರಲ್ಲಿ ಒಂದು ಕಡೆ, ವಾಲ್ವ್ ಇನ್ನೊಂದು ಕಡೆ. ಯಾವುದನ್ನು ನಂಬ್ತಿ ನೀನು?"

ಅವರ ಕ್ರಮ ಹೀಗೆ. ಇಂಥ ವಸ್ತು ಇಂಥ ಕಪಾಟಿನಿಂದ ಇಂಥ ಕಪಾಟಿಗೆ, ರಿಜಿಸ್ಟರಿನ ಇಂಥ ಪುಟದಲ್ಲಿ ಇಂಥ ಬದಲಾವಣೆ ಎಂದು ಮೊದಲು ರಫ್ ಪುಸ್ತಕದಲ್ಲಿ ಪೂರ್ತಿ ಬರೆಯುವುದು. ಬರೆದು ಮುಗಿದ ಮೇಲೆ ಕೆಳಗೆ ಒಂದು ಗೆರೆ. ಗೆರೆ ಎಳೆದ ಮೇಲಷ್ಟೇ ವಸ್ತುವಿಗೂ ರಿಜಿಸ್ಟರಿಗೂ ಕೈ ಹಾಕುವುದು. ನಡುವೆ ಯಾರಾದರೂ ಕರೆದರೆ ನಿಶ್ಚಿಂತೆಯಿಂದ ಹೋಗಿಬರುವುದು. ಬಂದ ಮೇಲೆ ಗೆರೆ ಕಂಡರೆ, ಎಲ್ಲಿಯವರೆಗೆ ಮಾಡಿದ್ದೆ ಎಂದು ತಲೆ ಕೆಡಿಸಿಕೊಳ್ಳದೆ ಬರೆದಂತೆ ಮೊದಲಿನಿಂದ ಮಾಡುವುದು. ಐದನೇ ಕಪಾಟಿನಲ್ಲಿರಬೇಕಾದ ವಾಲ್ವ್ ಆಗಲೇ ಐದನೇ ಕಪಾಟಿನಲ್ಲಿದ್ದರೆ ನಷ್ಟವೇನು? ಗೆರೆ ಇಲ್ಲದಿದ್ದರೆ ಬರೆದಷ್ಟನ್ನು ಹೊಡೆದುಹಾಕುವುದು, ಆ ಕೆಲಸ ಶುರುವೇ ಆಗಿರಲಿಲ್ಲವೆಂದು ತಿಳಿಯುವುದು.

ನಾನು ಪುಸ್ತಕ ಹಿಡಿದುಕೊಂಡು ನಿಂತೇಬಿಟ್ಟೆ. ಕಾಲೇಜಿನಲ್ಲಿ ಮೇಷ್ಟರು ಎರಡು ವಾರ ಬೋರ್ಡಿನ ಮೇಲೆ ಬರೆದು ಸುಸ್ತಾದ ಪಾಠ ಅದು, ಪರೀಕ್ಷೆಯಲ್ಲಿ ನಾನು ಬಾಯಿಪಾಠ ಮಾಡಿ ಬರೆದದ್ದು. ಕಂಪ್ಯೂಟರಿನೊಳಗೆ ಕರ್ನಲ್ ಎಂಬ ಯಜಮಾನನಿದ್ದಾನಲ್ಲ, ಎಲ್ಲ ಪ್ರೋಗ್ರಾಮುಗಳಿಗೂ ಯಂತ್ರಕ್ಕೂ ನಡುವೆ ಕೂತು ಕೆಲಸ ಮಾಡಿಸುವವನು, ಅವನು ಡಿಸ್ಕಿನ ಮೇಲೆ ಮಾಡುವುದೂ ಇದನ್ನೇ. ನೀವು ಒಂದು ಫೈಲ್ ಸೇವ್ ಮಾಡಿದಿರಿ ಎನ್ನಿ. ನಿಮಗೆ ಅದು ಒಂದು ಗುಂಡಿ. ಅವನಿಗೆ ನಾಲ್ಕು ಕಡೆಯ ಓಡಾಟ. ಹೆಸರನ್ನು ಒಂದು ಕಡೆ ಬರೆಯಬೇಕು, ಉದ್ದವನ್ನು ಇನ್ನೊಂದು ಕಡೆ, ಖಾಲಿ ಜಾಗದ ಪಟ್ಟಿಯಿಂದ ಆ ಜಾಗ ತೆಗೆಯಬೇಕು, ಒಳಗಿನ ವಿಷಯವನ್ನು ಮತ್ತೆಲ್ಲೋ ಇಡಬೇಕು. ಎರಡು ಮುಗಿಸಿ ಮೂರನೆಯದಕ್ಕೆ ಹೋಗುವಾಗ ಕರೆಂಟು ಹೋಯಿತೋ, ಹೆಸರಿದೆ ಫೈಲಿಲ್ಲ, ಇಲ್ಲವೇ ಒಂದೇ ಜಾಗಕ್ಕೆ ಇಬ್ಬರು ವಾರಸುದಾರರು. ಹಿಂದೆ ಹೀಗಾದಾಗ ಡಿಸ್ಕನ್ನು ಈ ತುದಿಯಿಂದ ಆ ತುದಿಯವರೆಗೆ ತಪಾಸಣೆ ಮಾಡಿಸಿ ಅರ್ಧ ದಿನ ಉಗುರು ಕಚ್ಚುತ್ತ ಕೂರಬೇಕಿತ್ತು. ಆಮೇಲೆ ಡಿಸ್ಕಿನಲ್ಲೇ ಒಂದು ಮೂಲೆಯನ್ನು ರಫ್ ಪುಸ್ತಕಕ್ಕೆಂದು ಬಿಟ್ಟರು. ಅದೇ ಜರ್ನಲ್. ಮಾಡಬೇಕಾದ ಬದಲಾವಣೆಯನ್ನು ಮೊದಲು ಅಲ್ಲಿ ಬರೆದು, ಕೊನೆಗೆ ಮುಗಿಯಿತೆಂಬ ಗುರುತು ಹಾಕಿ, ಆಮೇಲೆ ನಿಧಾನವಾಗಿ ಅದರದರ ಜಾಗಕ್ಕೆ ಮುಟ್ಟಿಸುವುದು. ಸಾಮಾನ್ಯವಾಗಿ ಫೈಲಿನೊಳಗಿನ ವಿಷಯವನ್ನೆಲ್ಲ ಜರ್ನಲಿನಲ್ಲಿ ಬರೆಯುವುದಿಲ್ಲ, ಅದು ತಡವಾಗುತ್ತದೆ. ವಿಷಯವನ್ನು ನೇರ ಅದರ ಜಾಗದಲ್ಲಿಟ್ಟು, ಹೆಸರು, ಉದ್ದ, ಜಾಗ ಇಷ್ಟನ್ನೇ ಬರೆಯುತ್ತಾರೆ. ಬೆನ್ನಿಯಣ್ಣನೂ ವಾಲ್ವಿನ ಚಿತ್ರ ಬರೆಯುತ್ತಿರಲಿಲ್ಲವಲ್ಲ.

ಇಷ್ಟೆಲ್ಲ ತಿಳಿದಿದ್ದವನು ನಾನು. ಇಷ್ಟೆಲ್ಲ ತಿಳಿದೂ ಮಾಡಬಾರದ್ದನ್ನು ಮಾಡಿದವನೂ ನಾನೇ.

ಡಿಸ್ಕಿಗೆ ಒಂದು ಕೆಟ್ಟ ಚಾಳಿಯಿದೆ. ಬರೆ ಎಂದರೆ, ಬರೆಯುವ ಮೊದಲೇ "ಆಯ್ತು" ಅನ್ನುತ್ತದೆ. ತನ್ನ ಪುಟ್ಟ ಜೇಬಿನಲ್ಲಿ ಇಟ್ಟುಕೊಂಡು, ಬಿಡುವಾದಾಗ, ತನಗೆ ಅನುಕೂಲವಾದ ಕ್ರಮದಲ್ಲಿ ಬರೆಯುತ್ತದೆ. ಕರೆಂಟು ಹೋದರೆ ಜೇಬು ಖಾಲಿ. ಕರ್ನಲ್‌ಗೆ ಈ ಚಾಳಿ ಗೊತ್ತಿರುವುದರಿಂದ ಮುಗಿಯಿತೆಂಬ ಗುರುತು ಹಾಕುವ ಮೊದಲು "ಜೇಬಿನಲ್ಲಿರುವುದನ್ನೆಲ್ಲ ನಿಜವಾಗಿ ಬರೆದು ತೋರಿಸು" ಎಂದು ನಿಂತು ಕಾಯುತ್ತಾನೆ. ಕಾದರೆ ಸರ್ವರ್ ನಿಧಾನ. ಆ ಬೇಸಿಗೆಯಲ್ಲಿ ಸರ್ವರ್ ಆಮೆಯಾಗಿದೆಯೆಂದು ಎಲ್ಲರೂ ನನ್ನ ಪ್ರಾಣ ಹಿಂಡುತ್ತಿದ್ದರು. ಒಂದು ಸೆಟ್ಟಿಂಗ್ ಬದಲಿಸಿ ಆ ಕಾಯುವುದನ್ನೇ ತೆಗೆದುಹಾಕಿದೆ. ಸರ್ವರ್ ಜಿಂಕೆಯಾಯಿತು. ವರ್ಕ್‌ಶಾಪಿನ ಮ್ಯಾನೇಜರ್ ನನ್ನ ಬೆನ್ನು ತಟ್ಟಿದರು. ಏನು ಮಾಡಿದೆ ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ, ಎಲ್ಲಿಯೂ ಬರೆದಿಡಲೂ ಇಲ್ಲ.

ಆಗಸ್ಟ್ ತಿಂಗಳಲ್ಲಿ ಒಂದು ದೊಡ್ಡ ಟ್ಯಾಂಕು ಮುಗಿಯಿತು. ಬುಧವಾರ ಗಿರಾಕಿಯ ಇನ್‌ಸ್ಪೆಕ್ಟರ್ ಬಂದು ಸಹಿ ಹಾಕಬೇಕು, ಆಮೇಲೆ ಟ್ಯಾಂಕು ಹೊರಡಬೇಕು. ಪ್ರತಿಯೊಂದು ಬೆಸುಗೆಯನ್ನೂ ಯಾರು ಹಾಕಿದರು, ಯಾವ ಪ್ಲೇಟಿಗೆ ಹಾಕಿದರು, ಎಕ್ಸ್‌ರೇಯಲ್ಲಿ ಹೇಗೆ ಬಂತು, ಎಲ್ಲ ದಾಖಲೆ ಸರ್ವರಿನಲ್ಲಿತ್ತು. ದಾಖಲೆ ಹೋದರೆ ಎಕ್ಸ್‌ರೇ ಮತ್ತೆ, ಪ್ಲೇಟುಗಳ ಪತ್ತೆ ಮತ್ತೆ. ಅದಕ್ಕೆ ಸ್ಟೋರ್ ಕೀಪರ್ ಬೇಕೇ ಬೇಕು. ಟ್ಯಾಂಕು ಹೊರಡುವ ತನಕ ಯಾರಿಗೂ ರಜೆಯಿಲ್ಲ ಎಂದು ಮ್ಯಾನೇಜರ್ ಖಡಾಖಂಡಿತವಾಗಿ ಹೇಳಿದ್ದರು. ಬೆನ್ನಿಯಣ್ಣನ ವಿಮಾನ ಗುರುವಾರ. ಅವರ ಒಬ್ಬಳೇ ಮಗಳು ಲವಿಟಾಳ ಮದುವೆ ಭಾನುವಾರ, ಹಿಂದಿನ ದಿನ ರೋಸ್. ಮದುಮಗಳ ತಲೆಗೆ ತೆಂಗಿನ ಹಾಲು ಹಾಕಿ ಹರಸುವ ಶಾಸ್ತ್ರ ಅದು. ಮೊದಲು ಹಾಕುವವರು ತಂದೆ ತಾಯಿ.

"ಇಪ್ಪತ್ತೆರಡು ವರ್ಷ ಇಲ್ಲಿ ಇದ್ದೆ. ಚರ್ಚಿನಲ್ಲಿ ಅವಳ ಮೊದಲ ಕಮ್ಯುನಿಯನ್‌ಗೆ ಇರ್ಲಿಲ್ಲ, ಸ್ಕೂಲ್ ಡೇಗೆ ಒಮ್ಮೆಯೂ ಇರ್ಲಿಲ್ಲ. ರೋಸಿಗೆ ಮಾತ್ರ ನಾನು ಇರ್ಬೇಕು" ಎಂದು ಅವರು ಆ ತಿಂಗಳಲ್ಲಿ ಎಷ್ಟು ಸಲ ಹೇಳಿದ್ದರೋ.

ಮಂಗಳವಾರ ಮಧ್ಯಾಹ್ನ ಕರೆಂಟು ಹೋಯಿತು. ಟ್ಯಾಂಕಿನ ಬಣ್ಣ ಒಣಗಿಸಲೆಂದು ಯಾರೋ ದೊಡ್ಡ ಫ್ಯಾನುಗಳನ್ನು ಆಫೀಸಿನ ಲೈನಿಗೆ ಸಿಕ್ಕಿಸಿದ್ದರು. ಸರ್ವರಿನ ಬ್ಯಾಟರಿ ಒಂದು ಸಲ ಕೀಂ ಎಂದು ಸುಮ್ಮನಾಯಿತು. ಕೊನೆಯ ಬ್ಯಾಕಪ್ ಹಿಂದಿನ ಗುರುವಾರದ್ದು. ಎಕ್ಸ್‌ರೇ ಫಲಿತಾಂಶಗಳೆಲ್ಲ ಅದಾದ ಮೇಲಿನವು, ಮಧ್ಯಾಹ್ನದ ತನಕವೂ ಇಬ್ಬರು ಕೂತು ತುಂಬಿಸುತ್ತಲೇ ಇದ್ದರು.

ಕರೆಂಟು ಬರುವವರೆಗಿನ ಇಪ್ಪತ್ತು ನಿಮಿಷ ನಾನು ಏನು ಯೋಚಿಸಿದೆ ಎಂದು ಈಗಲೂ ಅಕ್ಷರಶಃ ಹೇಳಬಲ್ಲೆ. ಕಾಯುವುದನ್ನು ನಾನೇ ತೆಗೆದುಹಾಕಿದ್ದರಿಂದ, ಡಿಸ್ಕು ಮುಗಿಯಿತೆಂಬ ಗುರುತನ್ನು ಮೊದಲು ಬರೆದು, ಅದರ ಮೇಲಿನ ಸಾಲುಗಳನ್ನು ಜೇಬಿನಲ್ಲೇ ಉಳಿಸಿಕೊಂಡಿರಬಹುದು. ಗೆರೆಯಿದೆ, ಗೆರೆಯ ಮೇಲೆ ಏನೂ ಇಲ್ಲ, ಅಥವಾ ಹಳೆಯದೇನೋ ಇದೆ. ಕರ್ನಲ್ ಗೆರೆಯನ್ನು ನಂಬಿ ಆ ಕಸವನ್ನೇ ನಿಷ್ಠೆಯಿಂದ ಒಳ್ಳೆಯ ದಾಖಲೆಗಳ ಮೇಲೆ ಬರೆದುಬಿಟ್ಟರೆ? 

ಕರೆಂಟು ಬಂತು. ಸರ್ವರ್ ಎದ್ದಿತು. ಮ್ಯಾನೇಜರ್ ಬಾಗಿಲಿನಲ್ಲಿ "ಏನಾದರೂ ಮಾಡು, ಏನಾದರೂ ಮಾಡು" ಎಂದು ಒಂದೇ ಸಮನೆ ಹೇಳಿ ಹೋದರು. ಏನೂ ಮಾಡಬಾರದ ಹೊತ್ತು ಅದು. ಅವರ ಜೊತೆ ಬಂದಿದ್ದ ಬೆನ್ನಿಯಣ್ಣ ಹೋಗಲಿಲ್ಲ. ಪರದೆಯ ಮೇಲೆ ನಿಂತಿದ್ದ ಸಾಲನ್ನು ನನ್ನ ಹೆಗಲ ಹಿಂದಿನಿಂದ ನೋಡುತ್ತಿದ್ದರು.

"ಎಂತ ಅದು?"

"ಜರ್ನಲ್ ಓದ್ಕೋತಾ ಇದೆ. ಅದೂ ನಿಮ್ಮ ಹಾಗೇ ಮೊದಲು ಬರೆದಿಟ್ಟುಕೊಳ್ಳುತ್ತೆ."

"ಹೌದಾ? ಅದಕ್ಕೂ ಒಂದು ರಫ್ ಪುಸ್ತಕ ಉಂಟಾ?" ಅವರ ಮುಖ ಅರಳಿತು. ನನ್ನ ಭುಜದ ಮೇಲೆ ಕೈಯಿಟ್ಟರು. "ಹಾಗಾದ್ರೆ ನೀನು ಹೆದರ್ಬೇಡ ಮಾರಾಯ. ಪುಸ್ತಕ ಉಂಟಲ್ಲ."

ಮಗಳ ಮದುವೆಗೆ ಹೋಗುವುದೋ ಇಲ್ಲವೋ ಎಂದು ನಿಂತಿದ್ದ ಮನುಷ್ಯ, ಆ ಪುಸ್ತಕವನ್ನು ಹಾಳುಮಾಡಿದವನಿಗೆ ಧೈರ್ಯ ಹೇಳುತ್ತಿದ್ದರು. ನಾಚಿಕೆಯಿಂದ ನನಗೆ ತಿರುಗಿ ನೋಡಲಾಗಲಿಲ್ಲ.

ಸಾಲು ಬದಲಾಯಿತು. ಮುಗಿಯಿತು ಎಂದಿತು. ದಾಖಲೆಯ ಫೈಲುಗಳನ್ನು ಒಂದೊಂದಾಗಿ ತೆರೆದೆ. ಶನಿವಾರದ್ದಿದೆ, ಭಾನುವಾರದ್ದಿದೆ, ಸೋಮವಾರದ್ದಿದೆ. ಮಂಗಳವಾರ ಕೊನೆಗೆ ಸೇವ್ ಮಾಡಿದ ಒಂದು ಹಾಳೆ ಮಾತ್ರ ಇರಲಿಲ್ಲ. ಅರ್ಧವೂ ಇರಲಿಲ್ಲ, ಅಂಥದ್ದೊಂದು ಇರಲೇ ಇಲ್ಲವೆಂಬಷ್ಟು ಚೊಕ್ಕಟವಾಗಿತ್ತು. ಅದನ್ನು ಹತ್ತು ನಿಮಿಷದಲ್ಲಿ ಮತ್ತೆ ತುಂಬಿಸಿದರು. ಡಿಸ್ಕು ಆ ದಿನ ಅದೃಷ್ಟವಶಾತ್ ಬರೆಯಬೇಕಾದ ಕ್ರಮದಲ್ಲೇ ಬರೆದಿತ್ತು, ಅಷ್ಟೇ. ನಾನು ನೆಲದ ಮೇಲೆ ಕೂತುಬಿಟ್ಟೆ. ಬೆನ್ನಿಯಣ್ಣ ಶಿಲುಬೆಯ ಗುರುತು ಹಾಕಿಕೊಂಡು, ನನ್ನನ್ನು ಎಬ್ಬಿಸಿ ತಬ್ಬಿಕೊಂಡರು.

ಅವರು ರೋಸಿಗೆ ಹೋದರು. ಬರುವಾಗ ನನಗೆಂದೇ ಒಂದು ಡಬ್ಬಿ ಮದುವೆಮನೆಯ ಸಿಹಿ ತಂದರು. "ಇವನಿಂದಾಗಿ ನಾನು ಹೋದದ್ದು" ಎಂದು ಕ್ಯಾಂಟೀನಿನಲ್ಲಿ ಎಲ್ಲರೆದುರು ಹೇಳಿದರು. ನಾನು ಸೆಟ್ಟಿಂಗನ್ನು ಅದೇ ಮಂಗಳವಾರ ಸದ್ದಿಲ್ಲದೆ ಮೊದಲಿನಂತೆ ಮಾಡಿದ್ದೆ. ಸಿಹಿಯನ್ನು ಸದ್ದಿಲ್ಲದೆ ತಿಂದೆ. ಮುಂದೆ ದುಬೈಗೆ ಬಂದೆ. ಲವಿಟಾ ನರ್ಸ್ ಆಗಿ ಇಲ್ಲಿಯೇ ಊದ್ ಮೇಥಾದ ಹತ್ತಿರ ಮನೆ ಮಾಡಿದಳು. ಬೆನ್ನಿಯಣ್ಣ ರಜೆಯ ದಿನ ಮುಸಫ್ಫಾದಿಂದ ಬಸ್ಸು ಹತ್ತಿ ಮೊಮ್ಮಗನನ್ನು ನೋಡಲು ಬರುತ್ತಾರೆ, ನಾವು ಆಗಾಗ ಸಿಗುತ್ತೇವೆ. ಸಿಕ್ಕಾಗಲೆಲ್ಲ ಅವರು ಆ ಮಂಗಳವಾರದ ಕತೆ ತೆಗೆದು ನನ್ನನ್ನು ಹೊಗಳುತ್ತಾರೆ. ನಾನು ಮಾತು ತಿರುಗಿಸುತ್ತೇನೆ.

ಕಳೆದ ಶನಿವಾರ ಮಗಳ ಪ್ರಾಜೆಕ್ಟು ಸುರಕ್ಷಿತವಾಗಿ ತೆರೆದುಕೊಂಡ ಮೇಲೆ ಬೆನ್ನಿಯಣ್ಣನಿಗೆ ಫೋನು ಮಾಡಿದೆ. ಭಾನುವಾರ, ಮೊಮ್ಮಗನನ್ನು ನೋಡಲು ಬಂದಿದ್ದ ಅವರು ಪೂಜೆ ಮುಗಿಸಿ ಚರ್ಚಿನಿಂದ ಹೊರಬಂದಾಗ ಹತ್ತಿರದ ಕ್ಯಾಫೆಟೇರಿಯಾದಲ್ಲಿ ಕೂತೆವು. ಚಾ ಬಂತು. ಹೊಗಳಿಕೆ ಶುರುವಾಗುವ ಮೊದಲೇ ಎಲ್ಲವನ್ನೂ ಹೇಳಿದೆ. ಡಿಸ್ಕಿನ ಚಾಳಿ, ನಾನು ಬದಲಿಸಿದ ಸೆಟ್ಟಿಂಗ್, ಯಾರಿಗೂ ಹೇಳದೆ ಉಳಿದದ್ದು, ಅದೃಷ್ಟ. ಹೇಳುತ್ತ ಹೇಳುತ್ತ ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ಅದನ್ನು ಅವರ ಮೇಲಿಟ್ಟೆನೋ ಎಂದು ಭಯವೂ ಆಯಿತು.

ಬೆನ್ನಿಯಣ್ಣ ಚಾದ ಲೋಟವನ್ನು ಪಕ್ಕಕ್ಕೆ ಸರಿಸಿದರು.

"ರೋಸ್ ತಪ್ಪಿದ್ದಿದ್ರೆ ನಿನ್ನ ಮುಖ ನೋಡ್ತಿರ್ಲಿಲ್ಲ ನಾನು. ಅದು ಸತ್ಯ" ಎಂದರು.

"ಗೊತ್ತು."

"ಆ ಪುಸ್ತಕ ಸರಿ ಉಂಟೋ ಇಲ್ವೋ ಅಂತ ನಿನಗೆ ಗೊತ್ತಿರ್ಲಿಲ್ಲ."

"ಇರ್ಲಿಲ್ಲ."

"ನಾನು ಹಿಂದೆ ನಿಂತು ಹೆದರ್ಬೇಡ, ಪುಸ್ತಕ ಉಂಟಲ್ಲ ಅಂತ ಹೇಳ್ತಿದ್ದೆ."

"ಹೌದು."

ಅವರು ಮೇಜಿನ ಮೇಲಿಂದ ಕೈ ಚಾಚಿ ನನ್ನ ಮಣಿಕಟ್ಟು ಹಿಡಿದರು.

"ದೇವ್ರೇ, ನಿನಗೆ ಆಗ ಎಷ್ಟು ಹೆದರಿಕೆ ಆಗಿರ್ಬೇಕು ಮಾರಾಯ!"

ಬೈಗುಳಕ್ಕೆ ತಯಾರಾಗಿ ಹೋಗಿದ್ದೆ, ಇದಕ್ಕೆ ತಯಾರಿರಲಿಲ್ಲ. ಕಣ್ಣು ತುಂಬಿ ಬಂತು.

"ತುಂಬಾ ಆಗಿತ್ತು ಬೆನ್ನಿಯಣ್ಣ," ಎಂದೆ.