ನಜ್ಮಾಳ ತುದಿಗಾಲು, ನಾನು ಬರೆದ ಸುಳ್ಳು

ಆ ದಿನಗಳಲ್ಲಿ ಇಸಳೂರಿನ ನಮ್ಮ ಬಡಾವಣೆಯಲ್ಲಿ ಮನೆಗಳಿಗಿಂತ ಗಡಿಕಲ್ಲು ನೆಟ್ಟ ಖಾಲಿ ಸೈಟುಗಳೇ ಹೆಚ್ಚು. ಎಲ್ಲೆಲ್ಲೂ ಒದ್ದೆ ಸಿಮೆಂಟಿನ ವಾಸನೆ. ನಾನೂ ಪಕ್ಕದ ಮನೆಯ ನಜ್ಮಾಳೂ ಅಲ್ಲಿ ಕುಂಟಾಬಿಲ್ಲೆ ಆಡುತ್ತಿದ್ದೆವು, ಕೌಳಿಹಣ್ಣು ತಿಂದು ತುಟಿ ಅಂಟು ಮಾಡಿಕೊಳ್ಳುತ್ತಿದ್ದೆವು. ಅವಳ ಅಬ್ಬಾ ಲಾರಿ ಓಡಿಸುತ್ತಿದ್ದರು; ನನ್ನ ಅಪ್ಪ ಶಿರಸಿಯ ಕಾಲೇಜೊಂದರಲ್ಲಿ ಗುಮಾಸ್ತ.

ಆರನೇ ತರಗತಿಯಲ್ಲಿದ್ದಾಗ ಟೀಚರ್ ‘ಮೊದಲಿಗರು’ ಎಂಬ ವಿಷಯ ಕೊಟ್ಟರು. ಯಾವುದನ್ನಾದರೂ ಮೊದಲು ಮಾಡಿದವರ ಬಗ್ಗೆ, ಇಲ್ಲವೇ ನಮ್ಮ ಕೇರಿಗೆ ಮೊದಲು ಬಂದು ನೆಲೆಸಿದವರ ಬಗ್ಗೆ ಬರೆದು ಓದಬೇಕು. ನಜ್ಮಾಳಿಗೆ ಲೈಬ್ರರಿಯ ಪುಸ್ತಕವೊಂದರಲ್ಲಿ ಬ್ಯಾಲೆ ನರ್ತಕಿಯ ಚಿತ್ರ ಸಿಕ್ಕಿತು. ಕಾಲ್ಬೆರಳ ತುದಿಯ ಮೇಲೆ ಮೊದಮೊದಲು ಕುಣಿದವರಿಗೆ ಗಟ್ಟಿ ಬೂಟು ಇರಲಿಲ್ಲವಂತೆ. ಮೆತ್ತನೆಯ ರೇಷ್ಮೆ ಪಾದರಕ್ಷೆಯ ಮೂತಿಗೆ ಒತ್ತಾಗಿ ದಾರ ಹೊಲಿದುಕೊಂಡು ನಿಲ್ಲುತ್ತಿದ್ದರಂತೆ.

“ಅಮ್ಮೀ, ನಂಗೂ ಹಾಗೆ ಹೊಲ್ದುಕೊಡು,” ಎಂದು ಅವಳು ಗಂಟುಬಿದ್ದಳು. ಬ್ಲೌಸು ಹೊಲಿಯುತ್ತಿದ್ದ ಅವಳ ಅಮ್ಮಿ ಕೆಲಸ ನಿಲ್ಲಿಸಿ, ಹಳೆಯ ಬಟ್ಟೆ ಶೂಗಳ ಮೂತಿಗೆ ಹತ್ತಿ ತುಂಬಿ ಹೊಲಿದುಕೊಟ್ಟರು. ಕಿಟಕಿಯ ಸರಳು ಹಿಡಿದು ನಜ್ಮಾ ಮೇಲೆದ್ದಳು. ಒಂದು ಉಸಿರಿನಷ್ಟು ಹೊತ್ತು ನಿಂತಳು. ಆಮೇಲೆ ನನ್ನ ಮೇಲೆ ಬಿದ್ದಳು. ಅವಳ ಕಾಲಿನ ಹೆಬ್ಬೆರಳಿನ ಉಗುರು ನೀಲಿಗಟ್ಟಿತ್ತು, ಮುಖ ಮಾತ್ರ ಬೆಳಗುತ್ತಿತ್ತು.

ನಾನು ಬರೆದದ್ದು, ನಮ್ಮ ಬಡಾವಣೆಗೆ ಮೊದಲು ಬಂದವರು ನನ್ನ ಅಪ್ಪ ಎಂದು. ಅಲ್ಲವೆಂದು ನನಗೆ ಗೊತ್ತಿತ್ತು. ಓದಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು, ನಜ್ಮಾಳ ಹೊರತು.

ಮನೆಗೆ ಬರುವ ದಾರಿಯಲ್ಲಿ ಅವಳು ಮೆಲ್ಲಗೆ ಹೇಳಿದಳು: “ಅಬ್ಬಾ ಮನೆ ಕಟ್ಟೋವಾಗ ಇಲ್ಲಿ ಕರೆಂಟೂ ಇರ್ಲಿಲ್ಲ. ನಂಗೆ ನೆನಪುಂಟು.” ಅಷ್ಟು ಹೇಳಿ ಕುಂಟುತ್ತ ಮುಂದೆ ನಡೆದಳು. ನಾಲ್ಕು ದಿನ ಆಟವಿಲ್ಲ, ಮಾತಿಲ್ಲ.

ನಾಲ್ಕನೆಯ ದಿನ ಸಂಜೆ ಅಪ್ಪ ನನ್ನ ಶಾಲೆಯ ಬರೆಯುವ ಪಟ್ಟಿ ತೆರೆದು ನೋಡಿದ.

“ಎಂತ ಬರದ್ದೆ ಕೂಸೆ ಇದು? ನಂಗ ಇಲ್ಲಿಗೆ ಬಪ್ಪಕಾದ್ರೇ ನಜ್ಮಾನ ಮನೆ ಇತ್ತು. ನಮ್ಮನೆ ಪಾಯಕ್ಕೆ ನೀರು ಕೊಟ್ಟಿದ್ದೂ ಅವರೇಯ.”

ನಾನು ತಲೆ ತಗ್ಗಿಸಿದೆ. ಅಪ್ಪ ಬೈಯಲಿಲ್ಲ. “ಓದಿದಲ್ಲೇ ನಿಜ ಹೇಳಿಕ್ಕೆ ಬಾ,” ಎಂದನಷ್ಟೆ.

ಮರುದಿನ ತರಗತಿಯಲ್ಲಿ ಎದ್ದು ನಿಂತೆ. “ಮೊದಲ ಮನೆ ನಜ್ಮಾಳ ಅಬ್ಬಾನದ್ದು. ನಾನು ಸುಳ್ಳು ಬರೆದಿದ್ದೆ.” ಟೀಚರ್ “ಸರಿ, ಕೂತ್ಕೋ” ಎಂದರು.

ಸಂಜೆ ನಜ್ಮಾ ಬಂದು ನಮ್ಮ ಜಗಲಿಯ ಮೇಲೆ ಕೂತಳು. “ಆಡೋಕೆ ಬರ್ತೀಯಾ? ಕುಂಟೋ ಆಟ ಬೇಡ. ಬೆರಳು ಇನ್ನೂ ನೋಯ್ತದೆ.”

ಈಗ ಬಡಾವಣೆಯಲ್ಲಿ ಖಾಲಿ ಸೈಟಿಲ್ಲ. ಮೊದಲು ಬಂದವರು ಯಾರೆಂದು ಕೇಳುವವರೂ ಇಲ್ಲ. ನಜ್ಮಾ ಯಲ್ಲಾಪುರದಲ್ಲಿದ್ದಾಳೆ; ಮದುವೆಮನೆಗಳಲ್ಲಿ ಸಿಕ್ಕಾಗ ಮಕ್ಕಳ ಪರೀಕ್ಷೆಯ ಮಾತಾಡಿ ಬೇರಾಗುತ್ತೇವೆ. ಎದುರುಮನೆಯವರು ಒಳ್ಳೆಯವರು, ಗೇಟಿನಾಚೆಯಿಂದ ನಗುತ್ತಾರೆ, ನಾನೂ ನಗುತ್ತೇನೆ. ನಾಲ್ಕು ದಿನ ಮಾತು ಬಿಟ್ಟರೆ ಸಂಕಟವಾಗುವಷ್ಟು ಹತ್ತಿರದವರು ಮಾತ್ರ ಈ ಬೀದಿಯಲ್ಲಿ ನನಗೆ ಯಾರೂ ಇಲ್ಲ.