ಅಕ್ಕನ ಹಣೆ

ಗೂಡಲೂರು ದಾಟಿ ದೇವಾಲದ ಕಡೆಗೆ ಬಸ್ಸು ಏರುವ ಒಂದು ತಿರುವಿನಲ್ಲಿ, ಕಳೆದ ತಿಂಗಳು, ಯಾರೋ ರಸ್ತೆ ಬದಿಯಲ್ಲಿ ಗೋಡಂಬಿಯನ್ನು ಸಿಪ್ಪೆ ಸಮೇತ ಸುಡುತ್ತಿದ್ದರು. ಆ ಹೊಗೆಯನ್ನು ನೀವು ಒಮ್ಮೆ ಕುಡಿದಿದ್ದರೆ ಮರೆಯುವುದಿಲ್ಲ. ಗಂಟಲಿಗಿಂತ ಮೊದಲು ಕಣ್ಣಿಗೆ ಬಡಿಯುತ್ತದೆ. ಪಕ್ಕದಲ್ಲಿ ಕೂತಿದ್ದ ಹುಡುಗಿ ಕರ್ಚೀಫನ್ನು ಮೂಗಿಗೆ ಒತ್ತಿಕೊಂಡಳು. ನನ್ನ ಕೈ ಮಾತ್ರ ನನ್ನನ್ನು ಕೇಳದೆಯೇ ಹಣೆಗೆ ಹೋಯಿತು. ನನ್ನ ಹಣೆಗೆ ಎಂದೂ ಏನೂ ಆಗಿಲ್ಲ. ಆದದ್ದು ಅಕ್ಕನ ಹಣೆಗೆ. ಅವತ್ತು ನಾನು ಹೊರಟಿದ್ದೂ ಅವಳ ಮನೆಗೇ.

ಊಟಿ ಬಳಿಯ ಸೋಲೂರಿನ ಮೇಲಿನ ನಮ್ಮ ಹಟ್ಟಿಯಲ್ಲಿ, ಐವತ್ತರ ದಶಕದ ಮೊದಲ ವರ್ಷಗಳಲ್ಲಿ, ಹೆಂಗಸರೆಂದರೆ ಬಿಳಿ ಬಟ್ಟೆ. ಸೊಂಟಕ್ಕೆ ಬಿಳಿ ಮುಂಡು, ಕಂಕುಳಡಿಯಿಂದ ಎದೆಯ ಸುತ್ತ ಇನ್ನೊಂದು ಬಿಳಿ ಬಟ್ಟೆ, ತಲೆಗೆ ಪಟ್ಟು ಎಂದು ನಾವು ಕರೆಯುವ ತಲೆಬಟ್ಟೆ. ಆಲೂಗಡ್ಡೆ ಹೊಲದಲ್ಲಿ ಬಗ್ಗಿ ಕೆಲಸ ಮಾಡುತ್ತಿದ್ದವರನ್ನು ದಿಬ್ಬದ ಮೇಲಿನಿಂದ ನೋಡಿದರೆ ನನ್ನ ಅವ್ವೆ ಯಾರು, ಬೇರೆಯವರ ಅವ್ವೆ ಯಾರು ಎಂದು ತಿಳಿಯುತ್ತಿರಲಿಲ್ಲ. ನಡಿಗೆಯಿಂದ ಗುರುತಿಸುತ್ತಿದ್ದೆ ಎಂದು ಬರೆಯಲು ಹೊರಟಿದ್ದೆ. ನಿಜವಾಗಿ ಗುರುತಿಸುತ್ತಿದ್ದೆನೇ, ಅಥವಾ ಹಾಗೆ ಬರೆದರೆ ಚೆಂದ ಎನಿಸಿತೇ, ಗೊತ್ತಿಲ್ಲ. ಮೈಸೂರಿನಲ್ಲಿ ಓದಿ ಬಂದ ಮೇಲೆ ನನಗೆ ಅಂಟಿದ ರೋಗ ಇದು: ನೆನಪಿಗೂ ಒಂದಿಷ್ಟು ಇಸ್ತ್ರಿ ಹೊಡೆಯುವುದು.

ಅಪ್ಪನ ಬಟ್ಟೆಯ ವಿಷಯದಲ್ಲಿ ಅನುಮಾನವಿಲ್ಲ. ಅದನ್ನು ಕಂಡವರು ಇನ್ನೂ ಇದ್ದಾರೆ. ಊಟಿಯಲ್ಲಿ ಇಂಗ್ಲಿಷ್ ದೊರೆಗಳು ಮನೆ ಖಾಲಿ ಮಾಡಿ ಹೋಗುವಾಗ ಸಾಮಾನು ಹರಾಜು ಹಾಕುತ್ತಿದ್ದರಲ್ಲ, ಅಲ್ಲಿ ಅಪ್ಪ ಒಂದು ಉಣ್ಣೆ ಕೋಟು ಕೊಂಡು ತಂದರು. ಅದರ ತೋಳು ಅವರ ಬೆರಳುಗಳನ್ನು ನುಂಗುತ್ತಿತ್ತು. ಮುಂಡಿನ ಮೇಲೆ ಕೋಟು ಹಾಕಿ, ತಲೆಯ ಪೇಟ ತೆಗೆದು, ಕ್ರಾಪು ಬಾಚಿಕೊಂಡು ಅವರು ಮಂಡಿಗೆ ಹೊರಟಾಗ ಹಟ್ಟಿಯಲ್ಲಿ ಯಾರೂ ಪಂಚಾಯ್ತಿ ಕೂರಿಸಲಿಲ್ಲ. ಗಂಡಸರು ಜಗಲಿಯಿಂದ ಕೂಗಿದ್ದು ಇಷ್ಟೇ: “ಏ ಅಣ್ಣ, ದೊರೆ ಒಳಗ ಇದ್ದಾನೋ, ನೀನೋ?” ಅಪ್ಪ ನಕ್ಕರು. ಮರುವರ್ಷ ಕೂಗಿದವರೂ ಕೋಟು ಕೊಂಡರು.

ಹೆಣ್ಣುಮಕ್ಕಳಿಗೆ ಹಚ್ಚೆ ಇತ್ತು. ಬೇಸಿಗೆಯಲ್ಲಿ ಕೆಳನಾಡಿನಿಂದ ಹಚ್ಚೆ ಹಾಕುವವಳು ಬರುತ್ತಿದ್ದಳು, ಮಸಿ ಮತ್ತು ಸೂಜಿ ಹಿಡಿದು. ಅಕ್ಕ ಅವಳ ಮುಂದೆ ಕೂತಾಗ ನಾನು ಅಕ್ಕನ ಕಾಲು ಹಿಡಿದುಕೊಂಡಿದ್ದೆ. ಹುಬ್ಬಿನ ನಡುವೆ ಒಂದು ಬೊಟ್ಟು, ಅದರ ಮೇಲೆ ಸಾಲು ಚುಕ್ಕೆ. ಸಾಲಲ್ಲ, ಸುತ್ತ ಎನ್ನುತ್ತಾಳೆ ಅಕ್ಕ. ನನ್ನ ಸರದಿ ಬರುವ ಹೊತ್ತಿಗೆ ನಾನು ಊಟಿಯ ಶಾಲೆಗೆ ಸೇರಿದ್ದೆ. “ಸ್ಕೂಲಿಗೆ ಹೋಗುವ ಕೂಸು, ಬೇಡ” ಎಂದರು ಅಪ್ಪ. ಆಗ ನಾನು ಅತ್ತದ್ದನ್ನು ಹೇಳಿದರೆ ಈಗಿನವರು ನಗುತ್ತಾರೆ. ಹಚ್ಚೆ ಬೇಕೆಂದು ಅತ್ತೆ. ಖಾಲಿ ಹಣೆ ಹೊತ್ತು ಹಬ್ಬಕ್ಕೆ ಹೋಗುವುದು ಹೇಗೆ ಎಂದು ಅತ್ತೆ.

ಕೆಲವು ವರ್ಷ ಕಳೆದವು. ನಾನು ಮೈಸೂರಿನ ಹಾಸ್ಟೆಲಿನಲ್ಲಿ ಸೀರೆಯ ನೆರಿಗೆಗೆ ಪಿನ್ನಿನ ಮೇಲೆ ಪಿನ್ನು ಚುಚ್ಚುತ್ತ, ಬಸ್ಸು ಹತ್ತುವಾಗ ಎಲ್ಲವೂ ಜಾರಿದರೆ ಎಂದು ಬೆವರುತ್ತಿದ್ದ ಕಾಲ. ರಜೆಗೆ ಹಟ್ಟಿಗೆ ಬಂದಾಗ ಅಕ್ಕನಿಗೆ ಒಂದು ಸಂಬಂಧ ಬಂದಿತ್ತು. ಹುಡುಗ ಕುನ್ನೂರಿನ ಒಂದು ಆಫೀಸಿನಲ್ಲಿ ಗುಮಾಸ್ತ. ತಂದವನು ನಮ್ಮ ಸೋದರಮಾವ. ಒಲೆಯ ಪಕ್ಕ ಕೂತು ಸಾಮೆ ಅನ್ನ ಉಣ್ಣುತ್ತ ಮಾವ ಮದುವೆ ಗಂಡಿನ ಬಗ್ಗೆ ಹೇಳಿದ:

“ಮಾಪ್ಪಿಳ್ಳೆ ಪ್ಯಾಂಟು ಇಲ್ಲದೆ ಹೊರಗ ಬಾರ. ಫೋಟೋ ಹುಚ್ಚು ಬೇರೆ. ಹಣೆ ತುಂಬ ಹಚ್ಚೆ ಇರುವ ಹೆಣ್ಣ ಪಕ್ಕ ನಿಂತು ಫೋಟೋ ತೆಗೆಸುವನಾ, ಏನೋ!”

“ಹಣೆಯ ಕಿತ್ತು ಬಿಸಾಡೋಕಾಗ್ತದಾ?” ಎಂದಳು ಅವ್ವೆ.

ಮಾವ ನಕ್ಕು ಇನ್ನಷ್ಟು ಅನ್ನ ಹಾಕಿಸಿಕೊಂಡ. ಅವನ ಮಟ್ಟಿಗೆ ಅದು ಊಟದ ನಡುವಿನ ಮಾತು, ಅಷ್ಟೇ. ಅಕ್ಕ ಮಾತ್ರ ಅದನ್ನು ಹುಡುಗನೇ ಹೇಳಿ ಕಳಿಸಿದ ಹಾಗೆ ಕೇಳಿಸಿಕೊಂಡಳು. ಆ ಸಂಬಂಧ ಅವಳಿಗೆ ಬೇಕಿತ್ತು. ಕುನ್ನೂರು ಬೇಕಿತ್ತು. ರೈಲಿನ ಸದ್ದು ಕೇಳುವ ಮನೆಯಲ್ಲಿ ಇರಬೇಕು ಎಂದು ನನ್ನ ಬಳಿ ಹೇಳಿದ್ದಳು.

ದೇವಾಲದ ಎಸ್ಟೇಟಿನಲ್ಲಿ ಕೆಲಸ ಮಾಡಿ ಬಂದಿದ್ದ ಪಕ್ಕದ ಮನೆಯ ಹೆಂಗಸೊಬ್ಬಳು, ಅಲ್ಲಿನ ಮಲಯಾಳಿ ಹೆಂಗಸರು ಗೋಡಂಬಿ ಸಿಪ್ಪೆಯ ಎಣ್ಣೆ ತೊಟ್ಟಿಕ್ಕಿಸಿ ಹಚ್ಚೆ ತೆಗೆಯುತ್ತಾರೆ ಎಂದಿದ್ದಳು. ಎಣ್ಣೆಯನ್ನೂ ಅವಳೇ ತರಿಸಿಕೊಟ್ಟಳು. ಹಚ್ಚಿದವರು ಯಾರು? ಕೋಳಿ ಪುಕ್ಕವನ್ನು ಎಣ್ಣೆಗೆ ಅದ್ದುತ್ತಿದ್ದ ಅವ್ವೆಯ ಕೈ ನನ್ನ ಕಣ್ಣಮುಂದಿದೆ. ಅಕ್ಕ ಹೇಳುವುದು ಬೇರೆ: ಬೆಂಕಿಕಡ್ಡಿಯಿಂದ ತಾನೇ ಹಚ್ಚಿಕೊಂಡೆ, ಅವ್ವೆ ದನದ ಕೊಟ್ಟಿಗೆಯಲ್ಲಿದ್ದಳು. ಆ ದಿನಗಳಲ್ಲಿ ನಾನು ತಪ್ಪದೆ ದಿನಚರಿ ಬರೆಯುತ್ತಿದ್ದವಳು. ತೆಗೆದು ನೋಡಿದರೆ ಮಂಜು, ಪರೀಕ್ಷೆಯ ಹೆದರಿಕೆ, ಗೆಳತಿಯೊಬ್ಬಳ ಮೇಲಿನ ಸಿಟ್ಟು. ಈ ಬಗ್ಗೆ ಒಂದು ಸಾಲೂ ಇಲ್ಲ.

ಹಣೆಯ ಮೇಲೆ ಬೊಬ್ಬೆ ಎದ್ದಿತು. ಒಡೆಯಿತು. ಒಣಗುವ ಮೊದಲೇ ಗಂಡಿನ ಕಡೆಯವರು ಬಂದರು.

ನಮ್ಮಲ್ಲಿ ಒಂದು ಪದ್ಧತಿಯಿದೆ. ಹಿರಿಯರು ಬಂದಾಗ ಕಿರಿಯರು ತಲೆಬಟ್ಟೆ ಸರಿಸಿ, ತಲೆ ಬಾಗಿಸಿ ಮುಂದೆ ನಿಲ್ಲಬೇಕು. ಹಿರಿಯರು ಹಣೆಗೆ ಕೈ ತಾಗಿಸಿ ಹರಸಬೇಕು. ಆಗದವರ ಮನೆಗೆ ಹೋದರೂ ಇದು ತಪ್ಪುವುದಿಲ್ಲ. ಅಕ್ಕ ತಲೆಬಟ್ಟೆಯನ್ನು ಹುಬ್ಬಿನವರೆಗೆ ಇಳಿಸಿ ಕಟ್ಟಿಕೊಂಡು ಕಾಫಿ ಕೊಟ್ಟಳು, ಸರಿಯಾಗಿಯೇ ನಡೆದಳು. ಅವಳೂ ಅವ್ವೆಯೂ ಎಲ್ಲವನ್ನೂ ಯೋಚಿಸಿದ್ದರು, ಹರಸುವ ಕೈಯೊಂದನ್ನು ಬಿಟ್ಟು. ದಿನವೂ ಮಾಡುವ ಕೆಲಸ ಯೋಚನೆಗೆ ಬರುವುದಿಲ್ಲ.

ಹುಡುಗ ಪ್ಯಾಂಟು, ಶರಟು, ಮಿರುಗುವ ಬೂಟು. ಅವನ ತಾಯಿ ತಲೆಯಿಂದ ಕಾಲಿನವರೆಗೆ ಬಿಳಿ, ಹಣೆಯಲ್ಲೂ ಮುಂಗೈಯಲ್ಲೂ ಹಸಿರು ಹಚ್ಚೆ. “ಬಾ ಎನ್ನ ಕೂಸೆ” ಎಂದು ಕರೆದಳು. ಅಕ್ಕ ಬಾಗಿದಳು. ಬಟ್ಟೆ ಸರಿಯಿತು. ಮುದುಕಿಯ ಕೈ ನಿಂತಿತು.

“ಇದೇನ?”

“ಒಲೆ ಕಿಡಿ ಹಾರಿತು” ಎಂದಳು ಅವ್ವೆ.

ಅಕ್ಕ ಬಾಗಿದ್ದ ಹಾಗೆಯೇ ಹೇಳಿದಳು: “ಕಿಡಿ ಅಲ್ಲ. ಹಚ್ಚೆ ತೆಗೆದೆ. ನಿಂಗ ಮಗನಿಗೆ ಬೇಡ ಅಂದರು.”

ಮುದುಕಿ ಮಗನ ಕಡೆ ತಿರುಗಿದಳು. “ನೀ ಹೇಳಿದೆಯಾ?”

ಅವನು ಬೂಟು ನೋಡುತ್ತ ಉತ್ತರಿಸಿದ: “ಎನ್ನ ಯಾರೂ ಕೇಳಿಲ್ಲೆ.”

ಅಪ್ಪ ಕೋಟಿನ ಗುಂಡಿ ಹಾಕುತ್ತ, ಕಾಲ ಬದಲಾಗಿದೆ ಅಲ್ಲವಾ ಎಂದೇನೋ ಶುರು ಮಾಡಿದರು.

“ಬದಲಾದ್ದು ನಿನ್ನ ಕೋಟಿಗೆ” ಎಂದಳು ಮುದುಕಿ. “ಎಂಗ ಮನೆಗೆ ಹಚ್ಚೆ ಇಲ್ಲದ ಸೊಸೆ ಬಂದಿಲ್ಲೆ. ಸುಟ್ಟ ಹಣೆ ಅಂತೂ...” ಮಾತು ಅಲ್ಲಿಗೇ ಬಿಟ್ಟಳು. ಹರಸದೆ ಹೋಗಲಿಲ್ಲ. ಆದರೆ ಕೈ ಹಣೆಯನ್ನು ತಪ್ಪಿಸಿ ನೆತ್ತಿಯ ಮೇಲೆ ಕೂತಿತು. ಕಾಫಿ ಲೋಟಗಳು ಅರ್ಧ ತುಂಬಿದ್ದ ಹಾಗೆಯೇ ಉಳಿದವು.

ಅಪ್ಪನ ಕೋಟನ್ನು ಸಂಜೆ ಮೊಳೆಗೆ ನೇತು ಹಾಕಬಹುದಿತ್ತು. ಅಷ್ಟನ್ನು ಅರ್ಥ ಮಾಡಿಕೊಳ್ಳಲು ನನಗೆ ಡಿಗ್ರಿ ಬೇಕಾಗಿರಲಿಲ್ಲ. ಆದರೂ ಬಹಳ ವರ್ಷ ಹಿಡಿಯಿತು. ಗಂಡಸರಿಗೆ ಕಾಲ ಬಟ್ಟೆಯ ಮೇಲೆ ಬಂತು, ಹಾಕಿಕೊಂಡರು, ಬೇಡವೆನಿಸಿದರೆ ತೆಗೆದರು. ಅಕ್ಕನಿಗೆ ಚರ್ಮದ ಮೇಲೆ ಬಂತು, ಎರಡು ಸಲ. ಎರಡು ಸಲವೂ ಇನ್ನೊಬ್ಬರ ಮನೆಗೆ ಸಲ್ಲಲಿ ಎಂದೇ.

ಆಮೇಲೆ ಅವಳ ಮದುವೆ ದೇವಾಲದ ಟೀ ಫ್ಯಾಕ್ಟರಿಯಲ್ಲಿ ಕೆಲಸದಲ್ಲಿದ್ದವನೊಂದಿಗೆ ಆಯಿತು. ಭಾವ ಒಳ್ಳೆಯವರು. ಎಲೆಯ ವಾಸನೆ ಹೊತ್ತು ಮನೆಗೆ ಬರುತ್ತಿದ್ದರು, ಹಣೆಯ ಬಗ್ಗೆ ಎಂದೂ ಕೇಳಲಿಲ್ಲ. ಎಪ್ಪತ್ತರ ದಶಕ ಬರುವಾಗ ನಮ್ಮ ಹಟ್ಟಿಯ ಹೆಂಗಸರೆಲ್ಲ ನೈಲಾನ್ ಸೀರೆಗೆ ಬಂದಿದ್ದರು. ಬಿಳಿ ಬಟ್ಟೆ ಹಬ್ಬಕ್ಕೆ, ಸಾವಿಗೆ. ಅಕ್ಕನೂ ಸೀರೆ ಉಟ್ಟಳು, ತಲೆಬಟ್ಟೆ ಮಾತ್ರ ಬಿಡಲಿಲ್ಲ. ಅದಕ್ಕಾಗಿ ಅವಳಿಗೆ ಸಿಕ್ಕ ಮರ್ಯಾದೆ ಎಷ್ಟು ಗೊತ್ತೇ? ಒಂದು ಮದುವೆಯಲ್ಲಿ ಹಿರಿಯರೊಬ್ಬರು ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ ಗದರಿದರು: “ನಿಂಗ ಎಲ್ಲಾ ನೋಡಿ! ಎಸ್ಟೇಟಿಲಿ ಇದ್ದೂ ಎಂಗ ಪದ್ಧತಿ ಬಿಟ್ಟಿಲ್ಲೆ ಈ ಅಕ್ಕ!” ಅಕ್ಕ ತಲೆ ತಗ್ಗಿಸಿ ನಿಂತಿದ್ದಳು. ಆಮೇಲೆ ನನ್ನ ಪಕ್ಕೆ ತಿವಿದು, “ಬಟ್ಟೆ ಜಾರಿದ್ದರೆ ಮುದುಕನಿಗೆ ಎದೆ ನಿಂತಿರೋದು” ಎಂದಳು. ಇಬ್ಬರೂ ನಕ್ಕೆವು. ಆ ನಗು ನನಗೆ ಈಗ ಅಷ್ಟು ಚೆನ್ನಾಗಿ ಕೇಳಿಸುವುದಿಲ್ಲ.

ಕಳೆದ ತಿಂಗಳು ಆ ಬಸ್ಸಿಳಿದು ಅವಳ ಮನೆ ತಲುಪಿದಾಗ ಅಕ್ಕ ಅಂಗಳದಲ್ಲಿ ಬಿಸಿಲು ಕಾಯುತ್ತಿದ್ದಳು. ಭಾವ ತೀರಿಕೊಂಡು ಬಹಳ ವರ್ಷವಾಯಿತು. ಮಗ ಸೊಸೆ ಎಲೆ ಕೀಳಿಸಲು ತೋಟಕ್ಕೆ ಹೋಗಿದ್ದರು. ಕೋಳಿ ಪುಕ್ಕವೋ ಬೆಂಕಿಕಡ್ಡಿಯೋ ಎಂಬ ಹಳೆಯ ಜಗಳ ಆಡಿ ಮುಗಿಸಿದೆವು. ಆಮೇಲೆ, ಯಾವ ಧೈರ್ಯದಲ್ಲೋ, ಕೇಳಿದೆ:

“ಅಕ್ಕ, ಒಂದು ಸಲ ತೋರಿಸು.”

“ಏನ ನೋಡ್ತೀಯ? ನಾನೇ ನೋಡಿಲ್ಲೆ.”

ನಿಜ ಹೇಳುತ್ತಿದ್ದಳು. ಬೆಳಿಗ್ಗೆ ಎದ್ದರೆ ಮೊದಲು ತಲೆಬಟ್ಟೆ ಕಟ್ಟುತ್ತಾಳೆ, ಕೈಯ ಅಂದಾಜಿನಲ್ಲೇ. ಕನ್ನಡಿ ಆಮೇಲೆ. ಮದುವೆಯಾದ ದಿನದಿಂದ ಹಾಗೆಯೇ ಅಂತೆ.

ಅವಳು ತಲೆಬಟ್ಟೆ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ಮುಖವನ್ನು ಬಿಸಿಲಿಗೆ ಎತ್ತಿದಳು. ನಾನು ಕನ್ನಡಕ ಹಾಕಿಕೊಂಡು ಹತ್ತಿರ ಬಗ್ಗಿದೆ. ಸುಕ್ಕಿನ ಮೇಲೆ ಸುಕ್ಕು. ಬಿಸಿಲು ಕಾಣದ ಬಿಳಿಚಿಕೊಂಡ ಚರ್ಮ. ಹುಬ್ಬಿನ ನಡುವೆ ಹುಡುಕಿದೆ, ಕೂದಲಿನ ಅಂಚಿನವರೆಗೆ ಹುಡುಕಿದೆ. ಹಸಿರೂ ಇರಲಿಲ್ಲ, ಸುಟ್ಟದ್ದೂ ಇರಲಿಲ್ಲ. ಯಾವುದೇ ಮುದುಕಿಯ ಹಣೆ. ಎಂದು ಮಾಸಿತೋ? ಹತ್ತು ವರ್ಷದ ಹಿಂದೆಯೋ, ಮೂವತ್ತು ವರ್ಷದ ಹಿಂದೆಯೋ? ನಾನಾದರೂ ಮೊದಲೇ ಕೇಳಬಹುದಿತ್ತು.

“ಕಾಣ್ತದಾ?” ಎಂದಳು, ಕಣ್ಣು ಮುಚ್ಚಿಕೊಂಡೇ.

“ಇಲ್ಲೆ ಅಕ್ಕ. ಏನೂ ಇಲ್ಲೆ.”

ಅವಳು ನಗುತ್ತಾಳೆ ಎಂದುಕೊಂಡಿದ್ದೆ. ಬೆರಳಿನಿಂದ ಹಣೆಯನ್ನು ಒಂದು ಸಲ ಸವರಿಕೊಂಡಳು. ಆ ಮಾತನ್ನು ಹೇಳಬಾರದಿತ್ತೇನೋ ಎಂದು ನನಗೆ ಆಗಲೇ ಅನಿಸಿತು. ತೊಡೆಯ ಮೇಲಿದ್ದ ಬಟ್ಟೆ ಕೊಡವಿ, ಹುಬ್ಬಿನವರೆಗೆ ಇಳಿಸಿ, ಅಂದಾಜಿನಲ್ಲೇ ಬಿಗಿಯಾಗಿ ಕಟ್ಟಿಕೊಂಡಳು.

“ಇರಲಿ” ಎಂದಳು. “ಚಳಿ.”