ಅಕ್ಕ ಜರಡಿ ಹಿಡಿದು ಕೊಟ್ಟ ಮಣ್ಣು

ಮೀಟರಿನ ಮುಳ್ಳು ಕೊನೆಯವರೆಗೆ ಓಡಿ, ಅಲ್ಲೇ ಒರಗಿ ನಿಂತುಬಿಟ್ಟಿತು.

"ಇದು ಹೊಲದ ಮಣ್ಣೋ, ಗೊಬ್ಬರದ ಚೀಲಾನ ತಂದೀರೋ?" ಎಂದರು ಹಾವೇರಿಯಲ್ಲಿ ಮಣ್ಣು ಪರೀಕ್ಷೆ ಮಾಡುವ ಪಾಟೀಲರು.

ಮಣ್ಣು ಬ್ಯಾಡಗಿ ಹತ್ತಿರದ ನನ್ನ ಅಕ್ಕನ ಹೊಲದ್ದು. ಎರಡು ವರ್ಷದಿಂದ ಅಲ್ಲಿ ಮೆಣಸಿನಗಿಡ ಸೊರಗಿತ್ತು. ಈ ಸಲ ಹತ್ತಿ ಹಾಕೋಣ ಎಂದು ಮಾವ, ಅಂದರೆ ಅಕ್ಕನ ಗಂಡ. ಮೆಣಸಿನಕಾಯಿ ಬಿಟ್ಟರೆ ಹೊಲಕ್ಕೇ ಕಾಲಿಡುವುದಿಲ್ಲ ಎಂದು ಅಕ್ಕ. ಯುನಿವರ್ಸಿಟಿಯಲ್ಲಿ ಓದಿ ಯಾವುದನ್ನೂ ನಂಬದಂತಾಗಿರುವ ನಾನು ನಡುವೆ ಬಾಯಿ ಹಾಕಿದೆ: "ಮಣ್ಣಿನಾಗ ಮೆಣಸಿನಕಾಯಿ ಬೆಳೆಯೋ ತಾಕತ್ತು ಐತೋ ಇಲ್ಲೋ, ಮಷಿನ್ ಹೇಳಿದಂಗ ಆಗ್ಲಿ." ಇಬ್ಬರೂ ಒಪ್ಪಿದರು.

ಮಷಿನ್ ಸರಳ. ಮಣ್ಣು ಕಲಸಿ ಸೋಸಿದ ನೀರಿಗೆ ಔಷಧ ಬೆರೆಸುತ್ತಾರೆ. ಮಣ್ಣಿನಲ್ಲಿ ರಂಜಕ, ಅಂದರೆ ಫಾಸ್ಫರಸ್, ಹೆಚ್ಚಿದ್ದಷ್ಟೂ ನೀರು ನೀಲಿ. ಅದರ ಮೂಲಕ ಬೆಳಕು ಹಾಯಿಸಿದರೆ, ಆಚೆ ಕೂತ ಪುಟ್ಟ ಕಣ್ಣು ಎಷ್ಟು ಬೆಳಕು ದಾಟದೆ ಉಳಿಯಿತೆಂದು ಹೇಳುತ್ತದೆ; ಉಳಿದಷ್ಟೂ ಮುಳ್ಳು ಮೇಲೇರುತ್ತದೆ. ಬೆಳಕು ಸುಳ್ಳು ಹೇಳೀತೇ?

ನಮ್ಮ ನೀರು ಶಾಯಿಯಂತಿತ್ತು!

ಬಸ್ಸು ಹತ್ತಿ ಅಕ್ಕನ ಮನೆಗೆ ಹೋದೆ. "ಮಣ್ಣು ಎಲ್ಲಿಂದ ತಗೊಂಡಿ?"

"ತಿಪ್ಪಿ ಮಗ್ಗಲದಿಂದ. ಜರಡಿ ಹಿಡದು ಕೊಟ್ಟೇನಿ."

"ಹೊಲದ ಎಂಟು ಕಡಿಂದ ಅಂತ ಹೇಳಿದ್ನಲ್ಲ!"

"ನೀ ಅಂದಿದ್ದು ಸ್ಯಾಂಪಲ್ ಕೊಡು ಅಂತ. ಬ್ಯಾಡಗಿ ಪ್ಯಾಟ್ಯಾಗ ಯಾರರ ಕೊಳತ ಕಾಯಿ ಸ್ಯಾಂಪಲ್ ತೋರಸ್ತಾರೇನೋ ತಮ್ಮಾ?"

ಮಾವ ಹೊಟ್ಟೆ ಹಿಡಿದು ನಕ್ಕರು. "ತಿಪ್ಪಿ ಕೊಟ್ಟು ಗೆಲ್ಲಾಕ ಹೊಂಟಿದ್ಲು ನೋಡು!"

ಎಂಟು ಕಡೆ ಎಂದು ನಾನು ಹೇಳಿದ್ದೆನೇ? ಹೇಳಿದ್ದೆ. (ಅಥವಾ ಹೇಳಬೇಕಿತ್ತೆಂದು ಬಸ್ಸಿನಲ್ಲಿ ನೆನಪಾಯಿತೋ ಏನೋ. ಆಣೆ ಮಾಡಲಾರೆ.) ಆದರೆ ಅಕ್ಕನದೇನು ತಪ್ಪು? ಕನ್ಯೆ ನೋಡಲು ಬಂದವರ ಮುಂದೆ ನಾವು ಮಾಡುವುದೇನು? ಡಾಕ್ಟರು ಕೇಳಿದರೆ "ಬೀಡಿ ದಿನಕ್ಕ ಒಂದ ರೀ" ಎನ್ನುವುದಿಲ್ಲವೇ? ಯಾರಾದರೂ ಅಳೆಯಲು ಬಂದರೆ ಸಾಕು, ಎಲ್ಲರ ಕೈಗೂ ಜರಡಿ ಬರುತ್ತದೆ.

ಮರುದಿನ ಅಕ್ಕ ತಾನೇ ಸನಿಕೆ ಹಿಡಿದು ಎಂಟು ಕಡೆ ಅಗೆದಳು. ತೀರಾ ಸೊರಗಿದ ಮೂಲೆಗೆ ಬಂದಾಗ ಒಂದು ಗಳಿಗೆ ನಿಂತಳು. "ಸೋತ್ರ ಸೋಲ್ತೇನಿ" ಎಂದು ಅಲ್ಲಿಯೂ ಅಗೆದಳು.

ಫಲಿತಾಂಶಕ್ಕೆ ಮೂವರೂ ಹಾವೇರಿಗೆ ಹೋದೆವು. ಈ ಸಲ ನೀರು ತೆಳು ನೀಲಿ. ಮುಳ್ಳು ಒಲ್ಲದ ಮನಸ್ಸಿನಿಂದ ತುಸುವೇ ಎದ್ದಿತು. ಅಕ್ಕನ ಮುಖ ಬಾಡಿತು.

"ರಂಜಕ ಕಡಿಮಿ ಐತ್ರಿ ಅಕ್ಕಾರ, ಅಷ್ಟ. ಅದನ್ನ ಹಾಕಿದ್ರ ಮೆಣಸಿನಗಿಡ ಛಲೋ ಬರ್ತಾವ," ಎಂದರು ಪಾಟೀಲರು.

ಅಕ್ಕ ಆಫೀಸಿನಲ್ಲೇ ಚಪ್ಪಾಳೆ ತಟ್ಟಿದಳು. ಮಾವ ನಗುತ್ತಾ ಎರಡೂ ಕೈ ಎತ್ತಿದರು. ಅಕ್ಕ ಅವರತ್ತ ತಿರುಗಿದಳು:

"ಹೊಲದಾಗ ಏನ್ ಕಡಿಮಿ ಅಂತ ಗೊತ್ತಾತು. ನಿಮ್ಮದು ಯಾವಾಗ ತಪಾಸ ಮಾಡಸೂಣ್ರಿ?"